ದೇವರ ಗುಂಡಿಗೆ ಬಿಟ್ಟ ಮುಗುಡು

ನಮ್ಮ ಅಕ್ವೇರಿಯಮ್ಮಿನ ಏಂಜಲ್ ಫಿಶ್ ಕಾಣೆಯಾಯಿತು. ಸ್ವಲ್ಪ ದಿನದಲ್ಲಿ ಅದರ ಜೋಡಿಯೂ ಇಲ್ಲ. ಸಂಶಯ ಹೋದದ್ದು ಬೆಕ್ಕಿನ ಮೇಲೆ. (ಪಾಪ, ಸುಮ್ಮನೆ ಬೈಸಿಕೊಂಡಿತು.) ಗೋಲ್ಡ್ ಫಿಶ್‌ನ ಬಾಲ ಇನ್ನೊಂದು ಮೀನಿನ ಬಾಯಿಂದ ಹೊರಗೆ ನೇತಾಡುವುದನ್ನು ಕಣ್ಣಾರೆ ಕಂಡ ಮೇಲೆಯೇ ಕಳ್ಳ ಯಾರೆಂದು ಗೊತ್ತಾದದ್ದು.

ಕಳ್ಳನ ಹೆಸರು ದೂಮಣ್ಣ. ಮೀಸೆ ನೋಡಿ ನನ್ನ ಹೆಂಡತಿ ಸುಜಾತ ಇಟ್ಟ ಹೆಸರು. ತಂದುಕೊಟ್ಟವರು ವಾಮದಪದವಿನ ಅವಳ ಅಣ್ಣ. ಮೊದಲ ಮಳೆಗೆ ತೋಡಿನ ಮೀನುಗಳು ಗದ್ದೆಗೆ ಹತ್ತಿ ಬರುತ್ತವಲ್ಲ, ಅವನ್ನು ಹಿಡಿಯುವುದಕ್ಕೆ ನಮ್ಮಲ್ಲಿ ಉಬರ್ ಎನ್ನುತ್ತಾರೆ. ಉಬರಿನಲ್ಲಿ ಸಿಕ್ಕಿದ ದೊಡ್ಡ ಮೀನುಗಳೆಲ್ಲ ಊಟದ ಪದಾರ್ಥವಾದವು. ಬೆರಳುದ್ದದ್ದೊಂದು ಜೀವಂತ ನಮ್ಮ ಮನೆಗೆ ಬಂತು.

"ಇದು ನಮ್ಮ ಗದ್ದೆಯ ಮುಗುಡು ಭಾವ. ಈಗ ನೋಡ್ಲಿಕ್ಕೆ ಎಲ್ಲಿ ಉಂಟು ಮಾರಾಯ್ರೆ? ನೀವು ಸಾಕಿ."

ಸಾಕಿದೆವು. ಅದೂ ಹೆಮ್ಮೆಯಿಂದ. 'ಊರಿನ ತಳಿ' ಎಂದು ನಾನು ವಾಟ್ಸ್ಆ್ಯಪ್ ಸ್ಟೇಟಸ್ ಬೇರೆ ಹಾಕಿದೆ. ಅದು ಪೆಲೆಟ್ ತಿಂದಿತು, ಸಿಗಡಿ ತಿಂದಿತು, ಅನ್ನ ತಿಂದಿತು, ಕೊನೆಗೆ ನೆರೆಹೊರೆಯವರನ್ನೂ ತಿಂದಿತು. ಮೊಣಕೈ ಉದ್ದ ಬೆಳೆದು ಟ್ಯಾಂಕಿನ ಮುಚ್ಚಳ ಎತ್ತತೊಡಗಿದಾಗ ಮೇಲೊಂದು ಕಲ್ಲು ಹೇರಿದೆವು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗೆಳೆಯ ಶ್ರೀಧರ ಮೊನ್ನೆ ಮೂಡುಬಿದಿರೆಯ ನಮ್ಮ ಮನೆಗೆ ಬಂದವನು ಚಹಾ ಬಿಟ್ಟು ಟ್ಯಾಂಕಿನ ಎದುರು ಕೂತ.

"ಇದು ಮುಗುಡು ಅಲ್ಲ ಮಾರಾಯ. ಆಫ್ರಿಕನ್ ಕ್ಯಾಟ್‌ಫಿಶ್."

"ಮೀಸೆ ಉಂಟಲ್ಲ?"

"ಮೀಸೆ ಎರಡಕ್ಕೂ ಉಂಟು. ತಲೆಬುರುಡೆಯ ಹಿಂಬದಿ ನೋಡು. ನಮ್ಮ ಮುಗುಡಿಗೆ ಅಲ್ಲಿ ಒಂದೇ ಕಮಾನು, ಇದಕ್ಕೆ ಇಂಗ್ಲಿಷಿನ ಡಬ್ಲ್ಯೂ ಹಾಗೆ. ಮೈಮೇಲೆ ಮಾರ್ಬಲಿನ ಹಾಗೆ ಕಲೆ. ಯಾರದ್ದೋ ಸಾಕುವ ಹೊಂಡ ಮಳೆಗೆ ತುಂಬಿ ಹರಿದು ತೋಡಿಗೆ ಬಂದದ್ದಿರಬೇಕು."

ಇದನ್ನು ಸಾಕುವುದಕ್ಕೆ ಸರಕಾರದ ನಿಷೇಧವಿದೆಯಂತೆ. ಬಾಯಿಗೆ ಸಿಕ್ಕಿದ್ದನ್ನೆಲ್ಲ ತಿಂದು ಊರಿನ ಮೀನುಗಳ ವಂಶ ತೆಗೆಯುತ್ತದಂತೆ. "ಕೊಂದುಬಿಡಿ. ಹೊಳೆಗೆ ಮಾತ್ರ ಬಿಡ್ಬೇಡಿ" ಎಂದು ಎರಡೆರಡು ಸಲ ಹೇಳಿ ಹೋದ.

ಕೊಲ್ಲುವುದು! ನಾವು ದಿನಾ ಮೀನು ತಿನ್ನುವ ಮನೆಯವರು. ಬಂಗುಡೆ ಇಲ್ಲದಿದ್ದರೆ ಊಟ ಇಳಿಯುವುದಿಲ್ಲ. ಆದರೆ ಸುಜಾತ ಕಣ್ಣು ತುಂಬಿಕೊಂಡಳು.

"ಅನ್ನ ಹಾಕಿದ ಕೈಯಲ್ಲಿ ಕೊಲ್ಲುವುದಾ?"

"ನಿನ್ನ ತವರಿನಲ್ಲಿ ಕೋಳಿ ಸಾಕಿ ತಿನ್ನುವುದಿಲ್ಲವಾ?"

"ಕೋಳಿಗೆ ಹೆಸರು ಇಟ್ಟಿದ್ದೇವಾ?"

ಇದಕ್ಕೆ ಉತ್ತರ ನಿಮ್ಮಲ್ಲಿ ಇದೆಯೇ?

ಮರುದಿನ ಮಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಟ್ಯಾಂಕ್ ಖಾಲಿ. ಅಣ್ಣ ತಂಗಿ ಸೇರಿ ದೂಮಣ್ಣನನ್ನು ಪೈಂಟಿನ ಬಕೆಟಿನಲ್ಲಿ ಹಾಕಿಕೊಂಡು ಬೆಳ್ತಂಗಡಿ ಕಡೆಯ ಒಂದು ದೇವಸ್ಥಾನಕ್ಕೆ ಹೋಗಿದ್ದರು. (ಹೆಸರು ಬೇಡ. ನಾಳೆ ನನ್ನನ್ನು ಒಳಗೆ ಬಿಡಬೇಕಲ್ಲ.) ಅಲ್ಲಿ ಹೊಳೆಯಲ್ಲೊಂದು ದೇವರ ಗುಂಡಿ. ಅದರ ಮೀನು ದೇವರ ಮೀನು, ಯಾರೂ ಹಿಡಿಯುವಂತಿಲ್ಲ. "ಹೊಳೆಗೆ ಬಿಡಲಿಲ್ಲ, ದೇವರಿಗೆ ಬಿಟ್ಟದ್ದು" ಎಂದಳು ಸುಜಾತ. ಮುಖದಲ್ಲಿ ಎಂಥ ನೆಮ್ಮದಿ!

ನನಗೆ ಮೈಯೆಲ್ಲ ಉರಿಯಿತು. ಚಿಕ್ಕಂದಿನಲ್ಲಿ ನನ್ನ ಕೈತುಂಬ ನರೂಲಿ ಎದ್ದಾಗ ಅಮ್ಮ ಅದೇ ಗುಂಡಿಯ ಮೀನಿಗೆ ಅಕ್ಕಿ ಹಾಕುವ ಹರಕೆ ಹೇಳಿದ್ದರು. ಬೆರಳುದ್ದದ ಮೀನುಗಳು ಮುತ್ತಿಕೊಂಡು ನನ್ನ ಅಂಗೈಯಿಂದಲೇ ಅಕ್ಕಿ ತಿಂದಿದ್ದವು. ಈಗ ಅವುಗಳ ಮಧ್ಯೆ ದೂಮಣ್ಣ! ಹೊಳೆಯಲ್ಲಾದರೆ ಯಾರದ್ದಾದರೂ ಬಲೆಗೆ ಬೀಳುತ್ತಿದ್ದ. ಇಲ್ಲಿ ಅವನ ಮೈ ಮುಟ್ಟುವವರಿಲ್ಲ.

ನಾವು ಹೀಗೆಯೇ. ಬೆಕ್ಕಿನ ಮರಿ ಹೆಚ್ಚಾದರೆ ಚೀಲದಲ್ಲಿ ತಂದು ಮೀನು ಮಾರ್ಕೆಟಿನ ಹತ್ತಿರ ಬಿಡುತ್ತೇವೆ. ಒಡೆದ ದೇವರ ಫೋಟೋ ಅಶ್ವತ್ಥಕಟ್ಟೆಗೆ, ಬಾಡಿದ ಹೂವು ಪ್ಲಾಸ್ಟಿಕ್ ಸಮೇತ ಸೇತುವೆಯಿಂದ ಕೆಳಗೆ. ನಮ್ಮ ಕೈಗೆ ಪಾಪ ಅಂಟಬಾರದು, ಅಷ್ಟೆ. ಇನ್ನೊಬ್ಬರ ಮನೆ ಹಾಳಾದರೆ ಅದು ಅವರ ಕರ್ಮ.

ತಡೆಯಲಾರದೆ ಶನಿವಾರ ಸುಜಾತಳನ್ನೂ ಕರೆದುಕೊಂಡು ಹೋದೆ. ಆಡಳಿತ ಸಮಿತಿಯ ಅಧ್ಯಕ್ಷರು ಸಿಕ್ಕಿದರು. ಆ ಒಂದು ಮೀನನ್ನು ಹಿಡಿದು ತೆಗೆಯಲು ಬಿಡಿ ಎಂದು ಕೈಮುಗಿದು ಕೇಳಿದೆ.

"ದೇವರ ಮೀನಿಗೆ ಬಲೆ ಹಾಕುವುದಾ? ದೇವರ ಅಪ್ಪಣೆಗೆ ಜೋಯಿಸರನ್ನು ಕರೆಸಿ ಪ್ರಶ್ನೆ ಇಡ್ಬೇಕಾಗ್ತದೆ. ಅದೂ ಒಂದು ಮೀನು ತೆಗೆದು ಏನು ಪ್ರಯೋಜನ? ನಿಮ್ಮ ಹಾಗೆ ತುಂಬ ಜನ ತಂದು ಬಿಡ್ತಾರೆ. ಮೀಸೆ ಇರುವಂಥದ್ದೇ ಈಗ ಜಾಸ್ತಿ" ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ, ಅಭಿಮಾನವಿತ್ತು.

ಗುಂಡಿಯ ಮೆಟ್ಟಿಲಿಗೆ ಇಳಿದೆವು. ಸುಜಾತ ಒಂದು ಹಿಡಿ ಅಕ್ಕಿ ಎಸೆದಳು. ನೀರು ಕಲಕಿ ಅಗಲ ಬಾಯಿಗಳು ಮೇಲೆ ಬಂದವು, ಒಂದರ ಮೇಲೊಂದು, ಎಲ್ಲ ಮೀಸೆಯವೇ. ಪಕ್ಕದಲ್ಲಿದ್ದವರು "ಎಷ್ಟು ದೊಡ್ಡದು ನೋಡಿ, ಕ್ಷೇತ್ರದ ಮಹಿಮೆ" ಎಂದು ಕೈಮುಗಿದರು. ನಾನು ಬಗ್ಗಿ ಅಂಗೈಯಲ್ಲಿ ಅಕ್ಕಿ ಹಿಡಿದು ಕಾದೆ. ಸಣ್ಣ ಮೀನು ಒಂದೂ ಬರಲಿಲ್ಲ.

"ಇದರಲ್ಲಿ ನಮ್ಮದು ಯಾವುದು?" ಎಂದು ಸುಜಾತ ಆಸೆಯಿಂದ ಕೇಳಿದಳು.

ದೇವರದ್ದು ಎಲ್ಲಿ ಎಂದು ಒಬ್ಬರಾದರೂ ಕೇಳಬೇಕಿತ್ತಲ್ಲ?