ದುಭಾಷಿಯ ಹೆಡ್‌ಫೋನು

ನಮ್ಮ ಹೊಸ ಟಿವಿಯ ಮುಖಕ್ಕಿಂತ ಅದರ ಬೆನ್ನನ್ನೇ ನಾನು ಹೆಚ್ಚು ನೋಡಿದ್ದೇನೆ. ಕಾರಣ ನನ್ನ ಯಜಮಾನರು, ಹರಿನಾರಾಯಣರು. ಕೊಚ್ಚಿಯ ಹತ್ತಿರ ತ್ರಿಪ್ಪೂಣಿತ್ತುರದ ಈ ಫ್ಲ್ಯಾಟಿನಲ್ಲಿ ಇವರು ಗೋಡೆಗೂ ಟಿವಿಗೂ ನಡುವೆ ತಲೆ ತೂರಿಸಿ, ಟಾರ್ಚು ಬಿಟ್ಟು, "ತೂತು ಎಲ್ಲಿ ಉಂಟು ಮಾರಾಯ್ತಿ?" ಎಂದು ಕೇಳುವುದು. ಟಿವಿ ಬೀಳದ ಹಾಗೆ ನಾನು ಅದನ್ನು ತಬ್ಬಿಕೊಂಡು ನಿಲ್ಲುವುದು. ಪೆನ್ಶನ್ ಆದ ಮೇಲೆ ಕಾಶಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದ ಮನುಷ್ಯ ಇವರೇ.

ಇವರು ಕಾಸರಗೋಡಿನವರು. ಕನ್ನಡದ ಕಾಗದಪತ್ರಗಳನ್ನು ಮಲಯಾಳಕ್ಕೂ ಇಂಗ್ಲಿಷಿಗೂ ಅನುವಾದ ಮಾಡಿಕೊಡುವ ಸರಕಾರಿ ಕೆಲಸದಲ್ಲಿ ತಲೆ ಹಣ್ಣಾಯಿತು. ನಿವೃತ್ತಿಯಾದ ಮೇಲೂ, ಕನ್ನಡ ಬಿಟ್ಟರೆ ಬೇರೇನೂ ಬಾರದ ಸಾಕ್ಷಿ ಕೊಚ್ಚಿಯ ಕೋರ್ಟಿಗೆ ಬಂದರೆ ಇವರಿಗೇ ಕರೆ. ಸಾಕ್ಷಿ ಹೇಳಿದ್ದನ್ನು ಇವರು ನ್ಯಾಯಾಧೀಶರಿಗೆ ದಾಟಿಸಬೇಕು. ಕೋರ್ಟಿನ ದಿನ ಇವರ ನಡಿಗೆಯೇ ಬೇರೆ. ದೋಸೆ ಸೀದಿದ್ದರೂ ತಕರಾರಿಲ್ಲ. ಕಿವಿ ಹೋದರೆ ಆ ಕೆಲಸ ಹೋಯಿತು ಎಂದು ನನಗೂ ಗೊತ್ತು, ಇವರಿಗೂ ಗೊತ್ತು. ಅದಕ್ಕೇ ನಾನು "ಒಮ್ಮೆ ಕಿವಿ ತೋರಿಸಿಕೊಂಡು ಬರುವಾ" ಎಂದು ಬಾಯಿ ತೆರೆದರೆ ಸಾಕು, ಉತ್ತರ ತಯಾರು.

"ನನ್ನ ಕಿವಿಗೆ ಎಂತ ಆಗಿದೆ? ಈಗಿನ ಟಿವಿಗಳ ಸೌಂಡೇ ಸರಿ ಇಲ್ಲ. ಸ್ಪೀಕರು ಹಿಂದೆ ಇಟ್ಟಿದ್ದಾರೆ. ಗೋಡೆ ಕೇಳಬೇಕಾ, ನಾನು ಕೇಳಬೇಕಾ?"

ಅದರಲ್ಲಿ ಸುಳ್ಳೇನೂ ಇಲ್ಲ, ಸ್ಪೀಕರು ಹಿಂದೆಯೇ ಇದೆ. ಆದರೆ ನನಗೆ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವಾಗಲೂ ಎಲ್ಲ ಕೇಳುತ್ತದಲ್ಲ! ಇವರಿಗೆ ದಿನಾ ತಾಳಮದ್ದಳೆ ಬೇಕು. ವೇಷ ಇಲ್ಲ, ಕುಣಿತ ಇಲ್ಲ, ಕುಳಿತಲ್ಲೇ ಮಾತಿನಲ್ಲಿ ಕಥೆ ಕಟ್ಟುವುದು. ಒಂದು ಶಬ್ದ ತಪ್ಪಿದರೂ ಇವರಿಗೆ ಊಟ ಸೇರುವುದಿಲ್ಲ. ಹಾಗಾಗಿ ವಾಲ್ಯೂಮು ಏರುತ್ತಾ ಏರುತ್ತಾ ಹೋಯಿತು. ಕೆಳಗಿನ ಮನೆಯ ಸುಮಯ್ಯಾ ನರ್ಸು. ರಾತ್ರಿ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುವವಳು. ಒಂದು ದಿನ ಲಿಫ್ಟಿನಲ್ಲಿ ಸಿಕ್ಕಿ ಮೆಲ್ಲಗೆ ಮಲಯಾಳದಲ್ಲಿ ಕೇಳಿದಳು: "ಚೇಚೀ, ನಿಮ್ಮಲ್ಲಿ ದಿನಾ ಉತ್ಸವವಾ?" ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಹೆಡ್‌ಫೋನಿನ ಪುರಾಣ ಶುರುವಾದದ್ದು ಅಂದು. ತಿರುವನಂತಪುರದಲ್ಲಿ ಓದುವ ಮಗಳು ನವ್ಯಾ ಬಿಟ್ಟುಹೋಗಿದ್ದ, ವಯರಿಲ್ಲದ ಹೆಡ್‌ಫೋನೊಂದು ಮನೆಯಲ್ಲಿತ್ತು. ಅದನ್ನು ಹಾಕಿಕೊಟ್ಟೆ. ಎರಡು ನಿಮಿಷಕ್ಕೆ ಕಿತ್ತು ಸೋಫಾದ ಮೇಲೆ ಎಸೆದರು.

"ಮದ್ದಳೆಗೆ ಪೆಟ್ಟು ಬಿದ್ದ ಮೇಲೆ ಸದ್ದು ಬರ್ತದೆ! ಭಾಗವತರು ಬಾಯಿ ಮುಚ್ಚಿದ ಮೇಲೆ ಪದ! ಇದನ್ನು ಮನುಷ್ಯರು ಕೇಳುದಾ? ವಯರೇ ಬೇಕು. ವಯರಿನಲ್ಲಿ ಮೋಸ ಇಲ್ಲ."

ಮರುದಿನ ಮೆಟ್ರೊ ಹತ್ತಿ ಕಲೂರಿಗೆ ಹೋಗಿ, ವಿಮಾನ ಬಿಡುವವರು ಹಾಕಿಕೊಳ್ಳುವಂಥ ದೊಡ್ಡದೊಂದನ್ನು ತಂದರು. ಟಿವಿಯ ಹಿಂದೆ ಅದಕ್ಕೆ ಸರಿಹೊಂದುವ ತೂತು ಒಂದೇ ಒಂದು. ಸಿಕ್ಕಿಸಿದರು. ಹೆಡ್‌ಫೋನಿನಲ್ಲಿ ಗಪ್‌ಚಿಪ್, ಟಿವಿಯಲ್ಲಿ ಮಾತ್ರ ಅದೇ ಅಬ್ಬರ. ಮತ್ತೆ ಕಲೂರು. ಅಂಗಡಿಯವನು ನಕ್ಕುಬಿಟ್ಟನಂತೆ. ಅದು ಹೊರಗಿನ ಸದ್ದು ಟಿವಿಯ ಒಳಗೆ ಹೋಗುವ ತೂತು, ಟಿವಿಯ ಸದ್ದು ಹೊರಗೆ ಬರುವುದಕ್ಕೆ ಬೇರೆ ಇದೆ, ಅದಕ್ಕೊಂದು ಸಣ್ಣ ಪೆಟ್ಟಿಗೆ ಬೇಕು, ಬೆಳಕಿನಲ್ಲಿ ಸದ್ದು ಸಾಗಿಸುವ ಕೇಬಲ್ಲು ಬೇಕು ಎಂದನಂತೆ. ಇವರು ಅದೆಲ್ಲವನ್ನೂ, ಜೊತೆಗೆ ಸೋಫಾದವರೆಗೆ ಎಳೆಯಲು ಉದ್ದದ ವಯರನ್ನೂ ಹೊತ್ತು ತಂದರು. ಎಲ್ಲ ಸಿಕ್ಕಿಸಿದರು. ಸದ್ದಿಲ್ಲ. ಹಾಲಿನ ನಡುವೆ ಎಳೆದ ವಯರಿಗೆ ಕಾಲು ಸಿಕ್ಕಿ ನಾನು ಸಾಂಬಾರಿನ ಪಾತ್ರೆ ಸಮೇತ ಬೀಳುವುದೊಂದು ಬಾಕಿ.

ಕೊನೆಗೆ ಮಗಳಿಗೆ ವಿಡಿಯೊ ಕಾಲ್. ಅವಳಿಗೆ ನಮ್ಮ ಕನ್ನಡ ಪೂರಾ ಅರ್ಥವಾಗುತ್ತದೆ, ಸಿಟ್ಟು ಮಾತ್ರ ಮಲಯಾಳದಲ್ಲಿ ಬರುತ್ತದೆ. "ಎಂಡೆ ಅಪ್ಪಾ!" ಎಂದು ಹಣೆ ಚಚ್ಚಿಕೊಂಡಳು. ಕೇಬಲಿನ ತುದಿಗೆ ಹಾಕಿದ್ದ ಪ್ಲಾಸ್ಟಿಕ್ ಟೊಪ್ಪಿಯನ್ನು ತೆಗೆಯದೆಯೇ ಇವರು ಬಲವಾಗಿ ತುರುಕಿದ್ದರು. ಅದನ್ನು ತೆಗೆಸಿದಳು. ಆಮೇಲೆ ಟಿವಿಯ ಸೆಟ್ಟಿಂಗಿನಲ್ಲಿ ಯಾವುದೋ ಇಂಗ್ಲಿಷ್ ಅಕ್ಷರಗಳನ್ನು ಹುಡುಕಿಸಿ ಒತ್ತಿಸಿದಳು. ಥಟ್ಟನೆ ಮನೆಯೆಲ್ಲ ನಿಶ್ಶಬ್ದವಾಯಿತು, ಇವರ ಮುಖ ಮಾತ್ರ ಅರಳಿತು. ಅಬ್ಬ! ನಾನು ದೇವರಿಗೆ ಕೈಮುಗಿದೆ.

ಕೈಮುಗಿದದ್ದು ಬೇಗವಾಯಿತು. "ಶಂಕರೀ, ಬಲಬದಿ ಕೇಳುದಿಲ್ಲ" ಎಂದರು.

ಪೆಟ್ಟಿಗೆ ತಟ್ಟಿದರು. ವಯರು ಜಗ್ಗಿದರು. ಕಲೂರಿಗೆ ಹೋಗಿ ಹೆಡ್‌ಫೋನು ಬದಲಿಸಿ ತಂದರು. ಆಗಲೂ ಬಲಬದಿ ಇಲ್ಲ. ಆಗ ಇವರಿಗೆ ಜ್ಞಾನೋದಯವಾಯಿತು, ತಪ್ಪು ತಾಳಮದ್ದಳೆ ನಡೆಸಿದವರದ್ದು! ಯೂಟ್ಯೂಬಿನಲ್ಲಿ ಆ ವಿಡಿಯೊದ ಕೆಳಗೆ, ಬಲಬದಿಯ ಮೈಕು ಕೆಟ್ಟದ್ದನ್ನೂ ಗಮನಿಸದ ನಿಮ್ಮ ಬೇಜವಾಬ್ದಾರಿಗೆ ಧಿಕ್ಕಾರ ಎಂದು ಉದ್ದಕ್ಕೆ ಬರೆದರು. ಸಂಘದ ಕಾರ್ಯದರ್ಶಿ ಉಪೇಂದ್ರ ಎನ್ನುವವರು ಬಹಳ ಮರ್ಯಾದೆಯಿಂದ ಉತ್ತರಿಸಿದ್ದರು: "ಮಾನ್ಯರೇ, ಎಲ್ಲರಿಗೂ ಎರಡೂ ಬದಿ ಸ್ಪಷ್ಟವಾಗಿ ಕೇಳಿಸುತ್ತಿದೆ."

"ಎಲ್ಲರಿಗೂ ಅಂತೆ! ಇವನಿಗೆಂತ ಗೊತ್ತು?" ಎಂದು ಇವರು ಹಾರಾಡಿದರು.

ನನಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಸೌಟು ಕೆಳಗಿಟ್ಟು ಬಂದು, ಆ ಹೆಡ್‌ಫೋನು ಕಿತ್ತುಕೊಂಡು ನನ್ನ ಕಿವಿಗೆ ಹಾಕಿಕೊಂಡೆ. ಎರಡೂ ಬದಿಯಲ್ಲಿ ಚೆಂಡೆ ಬಡಿಯುತ್ತಿತ್ತು. "ಕೇಳ್ತದಲ್ಲ! ಮಣ್ಣು!" ಎಂದು ಸಿಟ್ಟಿನಲ್ಲಿ, ಎಡ ಬಲ ನೋಡದೆ ಇವರ ತಲೆಗೆ ಒತ್ತಿದೆ.

"ಈಗ?"

"ಬಲ ಇಲ್ಲ."

ಇನ್ನೂ ಎರಡು ಮಾತು ಬೈಯಲು ಬಾಯಿ ತೆರೆದಿದ್ದೆ. ಆಗ ಕಂಡಿತು, ನಾನು ಹೆಡ್‌ಫೋನನ್ನು ತಿರುಗಾಮುರುಗ ಹಾಕಿದ್ದೆ. ಎಡಗಿವಿಯದ್ದು ಬಲಕ್ಕೆ ಬಂದಿತ್ತು. ವಯರಿನ ದೋಷವಾಗಿದ್ದರೆ ಈಗ ಎಡಗಿವಿ ಖಾಲಿಯಾಗಬೇಕಿತ್ತು. ನನ್ನ ಕಣ್ಣು ಎಲ್ಲಿದೆಯೆಂದು ನೋಡಿ ಇವರೂ ಕೈಯಿಂದ ತಡವಿ, ಹೆಡ್‌ಫೋನು ತೆಗೆದು, ಅದರ ಮೇಲಿನ ಅಕ್ಷರ ಓದಿದರು. ತಿರುಗಿಸಿ ಹಾಕಿಕೊಂಡರು. ಪುನಃ ತಿರುಗಿಸಿದರು. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟರು.

ಕಿವಿ ಹೋಯಿತೆಂದು ಬೇಸರಿಸುತ್ತಾರೆ ಎಂದುಕೊಂಡೆ. ಇವರು ಹೇಳಿದ್ದು ಬೇರೆಯೇ.

"ಶಂಕರೀ, ಆ ಸುಮಿತ್ರ..."

ಕೇಸಿನ ವಿಷಯ ನನಗೆ ಗೊತ್ತಿತ್ತು. ಅಂಬಲಮುಗಳಿನ ಹತ್ತಿರ ರಾತ್ರಿ ಹೊತ್ತು ಸ್ಕೂಟರಿಗೆ ಲಾರಿ ಬಡಿದು ಗಂಡನನ್ನು ಕಳೆದುಕೊಂಡ ಹೆಂಗಸು. ಹಿಂದೆ ಕುಳಿತಿದ್ದ ಅವಳೊಬ್ಬಳೇ ಕಣ್ಣಾರೆ ಕಂಡವಳು. ಹಿಂದಿನ ವಾರ ಇವರು ಅವಳಿಗೆ ದುಭಾಷಿಯಾಗಿ ಹೋಗಿ ಬಂದಿದ್ದರು.

"ಲಾರಿಗೆ ದೀಪ ಇತ್ತಾ ಅಂತ ವಕೀಲರು ಕೇಳಿದ್ರು. ನಾನು ಕನ್ನಡದಲ್ಲಿ ಕೇಳಿದೆ. ಅವಳು ಎಂತದೋ ಹೇಳಿದ್ಲು. ನನ್ನ ಬಲಕ್ಕೆ ನಿಂತಿದ್ಲು, ಮಾರಾಯ್ತಿ. ನನಗೆ ಕೇಳ್ಲಿಲ್ಲ. 'ಸರಿಯಾಗಿ ಹೇಳಮ್ಮಾ' ಅಂದೆ. ಪುನಃ ಹೇಳಿದ್ಲು. ಆಗಲೂ ಕೇಳ್ಲಿಲ್ಲ. 'ಸರಿಯಾಗಿ ಹೇಳು' ಅಂತ ನಾನು ಜೋರು ಮಾಡಿದೆ. ಅವಳು ಹೆದರಿ, 'ನನಗೆ ಗೊತ್ತಿಲ್ಲ ಸ್ವಾಮೀ' ಅಂದ್ಲು. ಅದು ಕೇಳ್ತು. ಅದನ್ನೇ ನಾನು ಹೇಳಿದೆ, ಅದನ್ನೇ ಅವರು ಬರೆದುಕೊಂಡ್ರು."

ಹೆಸರಷ್ಟೇ ಕೇಳಿ ಗೊತ್ತಿದ್ದ ಆ ಹೆಂಗಸು, ತಾನು ಕಂಡದ್ದನ್ನು ಎರಡು ಸಲ ಹೇಳಿಯೂ ಯಾರೂ ನಂಬಲಿಲ್ಲವೆಂದು ಬಾಯಿ ಮುಚ್ಚಿಕೊಂಡಳಲ್ಲ.

"ನಾಳೆಯೇ ಹೋಗಿ ಹೇಳಿ" ಎಂದೆ.

"ಹೇಳಿದ್ರೆ ನನ್ನನ್ನು ಇನ್ನು ಕರೆಯುದಿಲ್ಲ."

"ಕರೆಯದಿದ್ರೆ ಬೇಡ."

ಇವರು ನನ್ನನ್ನು ದುರುಗುಟ್ಟಿ ನೋಡಿದರು. ಬೆಳಿಗ್ಗೆ ನಾನು ಏಳುವ ಮೊದಲೇ ಅಂಗಿಗೆ ಇಸ್ತ್ರಿ ಹಾಕಿಕೊಂಡು ತಯಾರಾಗಿದ್ದರು.

ಸುಮಿತ್ರಳ ವಕೀಲರ ಮೂಲಕ ವಿಷಯ ನ್ಯಾಯಾಧೀಶರಿಗೆ ಹೋಯಿತು. ಅವರು ಸಾಕ್ಷಿಯನ್ನು ಇನ್ನೊಮ್ಮೆ ಕರೆಸಲು ಒಪ್ಪಿದರು, ದುಭಾಷಿಯಾಗಿ ಬೇರೊಬ್ಬರನ್ನು ಗೊತ್ತುಮಾಡಿದರು. ಅಷ್ಟರಲ್ಲಿ ಕಿವಿಯ ಡಾಕ್ಟರು ನೋಡಿ, ಬಲಗಿವಿಯ ನರ ಸೋತಿದೆ, ಎಡವೂ ಅದೇ ದಾರಿ ಹಿಡಿದಿದೆ ಎಂದಿದ್ದರು. ಸಾಕ್ಷಿಯ ದಿನ ಇವರಿಗೆ ಕೋರ್ಟಿನಲ್ಲಿ ಕೆಲಸವೇನೂ ಇರಲಿಲ್ಲ. ಆದರೂ ಹೊರಟರು. ನಾನೂ ಹೋದೆ. ಹಿಂದಿನ ಬೆಂಚಿನಲ್ಲಿ ಕುಳಿತೆವು.

ಸುಮಿತ್ರ ಬಂದು ನಿಂತಳು. ಹೊಸ ದುಭಾಷಿ ಪ್ರಶ್ನೆಯನ್ನು ಒಂದೇ ಸಲ ಕೇಳಿದರು. ಅವಳು ಒಂದೇ ಸಲ ಉತ್ತರಿಸಿದಳು. ಇವರು ಕುತ್ತಿಗೆ ಮುಂದೆ ಚಾಚಿ, ಅಂಗೈಯನ್ನು ಕಿವಿಯ ಹಿಂದೆ ಹಿಡಿದು ಆಲಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಎಂತ ಹೇಳಿದ್ಲು?"

ನಾನು ಇವರ ಎಡಗಿವಿಗೆ ಬಗ್ಗಿ ಹೇಳಿದೆ: "ದೀಪ ಇರ್ಲಿಲ್ಲ ಅಂತ ಹೇಳಿದ್ಲು."