ದನಿ ಕೇಳಿದರೆ ಮಾತ್ರ ಚಹಾ

ನಮ್ಮ ಮಾವನವರ ಕೊರಳಲ್ಲಿ ಒಂದು ತೂತಿತ್ತು. ಗಂಟಲಿನ ಗಡ್ಡೆ ತೆಗೆಯುವಾಗ ಆಸ್ಪತ್ರೆಯ ಡಾಕ್ಟರು ದನಿಪೆಟ್ಟಿಗೆಯನ್ನೂ ತೆಗೆದು, ಉಸಿರಾಡಲಿಕ್ಕೆಂದು ಅಲ್ಲೊಂದು ದಾರಿ ಮಾಡಿಟ್ಟಿದ್ದರು. ಅದರ ಮೇಲೆ ತೆಳುವಾದ ಬಿಳಿ ಬಟ್ಟೆಯ ತುಂಡು ಕಟ್ಟಿಕೊಳ್ಳುತ್ತಿದ್ದರು. ಉಸಿರು ಬಿಟ್ಟಾಗ ಆ ಬಟ್ಟೆ ಸ್ವಲ್ಪ ಉಬ್ಬುತ್ತಿತ್ತು. ನಕ್ಕಾಗ ಪಟಪಟ ಬಡಿಯುತ್ತಿತ್ತು. ಅವರು ನಕ್ಕದ್ದು ನಮಗೆ ಗೊತ್ತಾಗುತ್ತಿದ್ದುದೇ ಹಾಗೆ.

ನಮ್ಮ ಮಾವ ಶೇಷಭಟ್ಟರು ಎಂದರೆ ವಿಜಾಪುರ, ಬಾಗಲಕೋಟೆ ಕಡೆಯಿಂದ ಕಾಶಿಗೆ ಬರುವವರಿಗೆಲ್ಲ ಗೊತ್ತು. ತೀರಿಕೊಂಡ ತಂದೆತಾಯಿಯ ಶ್ರಾದ್ಧ ಮಾಡಿಸಲು ಬಂದವರು ಶಿವಾಲ ಓಣಿಯ ನಮ್ಮ ಮನೆಯಲ್ಲೇ ಇಳಿಯುತ್ತಿದ್ದರು, ನಮ್ಮಲ್ಲೇ ಉಣ್ಣುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಮಾವನವರು ಕೇದಾರ ಘಾಟಿನ ಮೆಟ್ಟಿಲ ಮೇಲೆ ನಿಂತು ಸಂಕಲ್ಪ ಹೇಳಿದರೆ ನಡುನೀರಿನ ದೋಣಿಯವರು ತಿರುಗಿ ನೋಡುತ್ತಿದ್ದರು. ಮಗನಿಗೆ ವಿದ್ಯೆ ಕಲಿಸುವಾಗ ಒಂದು ಮಾತು ಹೇಳುತ್ತಿದ್ದರು: "ಗಂಗವ್ವಗ ಕೇಳಬೇಕಂದ್ರ ಹೊಟ್ಟಿಯಿಂದ ಹೇಳಬೇಕೋ. ಗಂಟಲಿಂದ ಹೇಳಿದ್ರ ಮೀನಿಗಷ್ಟ ಕೇಳಸ್ತದ."

ಆ ದನಿ ಹೋದ ಮೇಲೆ ಘಾಟಿನ ಕೆಲಸವೆಲ್ಲ ನಮ್ಮ ಮನೆಯವರ ಮೇಲೆ ಬಿತ್ತು. ಅಡುಗೆ, ಯಾತ್ರಿಕರ ಹಾಸಿಗೆ, ಮಾವನವರ ಕೊರಳಿನ ಬಟ್ಟೆ ಬದಲಿಸುವುದು ನನ್ನ ಮೇಲೆ. ಮಾವನವರಿಗೆ ಉಳಿದದ್ದು ಒಂದು ಪಾಟಿ, ಒಂದು ಡಬ್ಬಿ ಬಳಪ ಮತ್ತು ನಮ್ಮ ಮಗಳು ಉಮಾ.

ಉಮಾಳಿಗೆ ಆಗ ಮೂರು ದಾಟಿತ್ತು. ಆ ತೂತಿಗೆ ದೊಡ್ಡವರು ಹೆದರಿದರು, ಅವಳು ಹೆದರಲಿಲ್ಲ. ಅಜ್ಜನ ಮಗ್ಗುಲು ಬಿಡುತ್ತಿರಲಿಲ್ಲ. ಅಜ್ಜ ಚಿಟಿಕೆ ಹೊಡೆದರೆ ಇವಳೂ ಹೊಡೆಯುವಳು. ಅಜ್ಜ ಹುಬ್ಬು ಏರಿಸಿ ಬೇಡವೆಂದರೆ ಇವಳೂ ಹುಬ್ಬು ಏರಿಸುವಳು. ದಿನ ಕಳೆದಂತೆ ಅವಳ ಮಾತು ಕಡಿಮೆಯಾಯಿತು. ನನಗೆ ಅದು ಬೇಗ ತಿಳಿಯಲಿಲ್ಲ. ಹತ್ತಾರು ಮಂದಿಗೆ ಬೇಯಿಸುವ ಮನೆಯಲ್ಲಿ ಸುಮ್ಮನಿರುವ ಮಗು ಎಂದರೆ ಪುಣ್ಯ ಎಂದುಕೊಂಡಿದ್ದೆ.

ಅವಳಿಗೆ ಓದು, ಲೆಕ್ಕ ಎಲ್ಲ ಅಂಗಳದಲ್ಲೇ ಶುರುವಾಯಿತು. ಹಿಂದಿ ಅಕ್ಷರಗಳನ್ನು ಹಳೆಯ ಲಗ್ನಪತ್ರಿಕೆಗಳ ರಟ್ಟಿನಲ್ಲಿ ಕತ್ತರಿಸಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಸಾಲಾಗಿ ತೂಗಿಬಿಟ್ಟರು. ನನ್ನ ಸೀರೆಗೆ ಜಾಗವಿರಲಿಲ್ಲ. ಕೇಳಿದರೆ ಪಾಟಿಯ ಮೇಲೆ ಬರೆದರು: "ಈ ಅಕ್ಷರಾ ಎಲ್ಲಾ ಒಗ್ಯಾಣದ ಬಟ್ಟಿ ಇದ್ದಂಗ. ತಲಿ ಮ್ಯಾಲೆ ಹಗ್ಗ ಇಲ್ಲಂದ್ರ ಬಿದ್ದಬಿಡತಾವ." ಇಂಗ್ಲಿಷ್ ಅಕ್ಷರಗಳಿಗೆ ಶ್ರಾದ್ಧದ ಪವಿತ್ರದುಂಗುರ ಮಾಡುವಾಗ ಕತ್ತರಿಸಿ ಉಳಿದ ದರ್ಭೆಯ ತುಂಡು. ಕಡ್ಡಿ ಮೂರಿದ್ದರೆ ಎ, ನಾಲ್ಕಿದ್ದರೆ ಇ. ಕನ್ನಡಕ್ಕೆ ನಾನು ದೇವರ ದೀಪಕ್ಕೆಂದು ಹೊಸೆದಿಟ್ಟ ಬತ್ತಿಗಳು. ನೀರಲ್ಲಿ ಅದ್ದಿ, ಕಪ್ಪು ಕಲ್ಲಿನ ಮೇಲೆ ಸುತ್ತಿಸಿ ಸುತ್ತಿಸಿ ಅ ಆ ಮಾಡುತ್ತಿದ್ದರು. ಸಂಜೆ ದೀಪಕ್ಕೆ ಬತ್ತಿ ಇಲ್ಲದೆ ನಾನು ಮತ್ತೆ ಅರಳೆ ಹಿಡಿದು ಕೂರಬೇಕು. ಬೇಕೆಂದೇ ತಪ್ಪು ಬರೆಯುವುದೂ ಒಂದು ಆಟ. ಉಮಾ ಕಂಡುಹಿಡಿದರೆ ಅವರ ಕೈಗೆ ಒಂದು ಏಟು ಕೊಟ್ಟು, ಮೂಲೆಯಲ್ಲಿ ನಿಲ್ಲಿಸುತ್ತಿದ್ದಳು. ಊರಿಗೆಲ್ಲ ಮಂತ್ರ ಹೇಳಿದ ಮನುಷ್ಯ ಗೋಡೆಗೆ ಮುಖ ಮಾಡಿ ನಿಂತಿರುವುದನ್ನು ನೋಡಿ ಯಾತ್ರಿಕರು ದಂಗಾಗುತ್ತಿದ್ದರು.

ಲೆಕ್ಕ ಹೊಸ್ತಿಲ ಹೊರಗೆ. ಅಲ್ಲಿ ಯಾತ್ರಿಕರು ಚಪ್ಪಲಿ ಬಿಟ್ಟಿರುತ್ತಿದ್ದರು. ಉಮಾ ಅವನ್ನು ಜೋಡಿ ಮಾಡಿ ಎಷ್ಟು ಮಂದಿ ಎಂದು ಎಣಿಸಿ, ಅಷ್ಟು ಎಲೆ ತಂದು ನನ್ನ ಮುಂದೆ ಇಡಬೇಕು. ನಾನು ಅದನ್ನು ನೋಡಿ ಅಕ್ಕಿ ಹಾಕುತ್ತಿದ್ದೆ. ಅವಳ ಲೆಕ್ಕ ತಪ್ಪುತ್ತಿರಲಿಲ್ಲ. ಆದರೆ ಎಣಿಸುವಾಗ ತುಟಿ ಅಲುಗುತ್ತಿರಲಿಲ್ಲ. ಬಲಗೈಯನ್ನು ಫ್ರಾಕಿನೊಳಗೆ ಇಟ್ಟುಕೊಂಡು ಎಣಿಸುವಳು. ಮಾವನವರು ಜಪ ಮಾಡುತ್ತಿದ್ದುದು ಹಾಗೆ. ಉಂಗುರಬೆರಳಿನ ನಡುಗೆಣ್ಣಿನಿಂದ ಹೆಬ್ಬೆರಳು ಹೊರಟು, ಗೆಣ್ಣಿನಿಂದ ಗೆಣ್ಣಿಗೆ ಸುತ್ತಿ, ತೋರುಬೆರಳಿನ ಬುಡಕ್ಕೆ ಬಂದರೆ ಹತ್ತು. ಜಪದ ಎಣಿಕೆ ಯಾರಿಗೂ ಕಾಣಬಾರದು, ಕೇಳಬಾರದು ಎಂದು ಕೈಯನ್ನು ಶಲ್ಯದೊಳಗೆ ಮುಚ್ಚಿಕೊಳ್ಳುತ್ತಿದ್ದರು. ಮಗು ಲೆಕ್ಕವನ್ನೂ ಕಲಿತಿತ್ತು, ಮುಚ್ಚಿಡುವುದನ್ನೂ ಕಲಿತಿತ್ತು.

ಕೇಜಿಗೆ ಸೇರಿಸಲು ಅವಳನ್ನು ಒಂದು ಇಂಗ್ಲಿಷ್ ಶಾಲೆಗೆ ಕರೆದುಕೊಂಡು ಹೋದೆವು. ಮೇಡಂ ಒಳ್ಳೆಯವರಂತೆಯೇ ಇದ್ದರು. "ಬೇಟಾ, ನಾಮ್ ಕ್ಯಾ ಹೈ?" ಎಂದರು. ಉಮಾ ಅವರ ಮೇಜಿನ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದಳು. ಅವರು ನೋಡಲಿಲ್ಲ. "ಅಚ್ಛಾ, ಏಕ್ ಸೇ ದಸ್ ತಕ್ ಗಿನತೀ ಸುನಾವೋ." ಉಮಾಳ ಕೈ ಫ್ರಾಕಿನೊಳಗೆ ಹೋಯಿತು. ಬಟ್ಟೆಯ ಕೆಳಗೆ ಹೆಬ್ಬೆರಳು ಓಡಾಡುವುದು ನನಗೆ ಕಾಣುತ್ತಿತ್ತು. "ಹಾಥ್ ಬಾಹರ್ ನಿಕಾಲೋ," ಎಂದು ಮೇಡಂ ಗದರಿದರು. ಅವಳು ಹತ್ತು ಮುಗಿಸಿಯೇ ಕೈ ತೆಗೆದಳು. ತನ್ನ ಉತ್ತರ ಮುಗಿಯಿತೆಂದು ಅವರ ಮುಖ ನೋಡಿದಳು.

ಮೇಡಂ ನನ್ನನ್ನು ನೋಡಿದರು. "ಘರ್ ಮೇಂ ಕೋಈ ಬೋಲತಾ ನಹೀಂ ಕ್ಯಾ?"

ಮನೆಯಲ್ಲಿ ಯಾರೂ ಮಾತಾಡುವುದಿಲ್ಲವೇ ಎಂದು ಕೇಳಿದರೆ ನಾನು ಉಮಾಳ ಫ್ರಾಕು ಸರಿಮಾಡಿದೆ. ಮುಂದಿನ ವರ್ಷ ಇನ್ನೊಮ್ಮೆ ಕರೆತನ್ನಿ, ಆಗಲೂ ಹೀಗೇ ಇದ್ದರೆ ಮಾತು ಬಾರದ ಮಕ್ಕಳ ಶಾಲೆ ಬೇರೆ ಇದೆ, ಅಲ್ಲಿ ವಿಚಾರಿಸಿ ಎಂದರು.

ಮನೆಗೆ ಬಂದು ನಮ್ಮ ಮನೆಯವರು ಅಪ್ಪನ ಮುಂದೆ ನಿಂತರು. ಅವರು ಎಂದೂ ಅಪ್ಪನಿಗೆ ಎದುರು ಆಡಿದವರಲ್ಲ. "ಅಪ್ಪಾ, ನೀವು ಆಕಿಗೆ ಜಪಾ ಕಲಿಸೀರಿ. ಸಾಲಿಯೊಳಗ ಜಪಾ ಯಾರ ಕೇಳತಾರ? ನಿಮ್ಮ ಮೊಮ್ಮಗಳನ್ನ ಮೂಕಿ ಅಂದ್ರು." ಮಾವನವರು ಪಾಟಿಯನ್ನು ಎತ್ತಿಕೊಂಡರು, ಅಂಗೈಯಿಂದ ಒರೆಸಿದರು, ಏನೂ ಬರೆಯದೆ ಕೆಳಗಿಟ್ಟರು. ಅಂದು ಊಟಕ್ಕೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಸ್ಟೋ ಹೊತ್ತಿಸುವಾಗ ಬಂದು ಪಾಟಿಯನ್ನು ನನ್ನ ಮುಂದೆ ಹಿಡಿದರು. "ಸುಮಿತ್ರಾ, ಇವತ್ತಿಂದ ನನ್ನ ಚಹಾ ಉಮಾ ಕೇಳತಾಳ. ಪಾಟಿ ತೋರಿಸಿದ್ರ ನೀ ನೋಡಬ್ಯಾಡ. ದನಿ ಕೇಳಿದ್ರ ಅಷ್ಟ ಕೊಡು."

ಮಾವನವರಿಗೆ ಚಹಾ ಎಂದರೆ ಪ್ರಾಣ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲು ಬರೆದು ಕೇಳಿದ್ದೇ ಅದನ್ನು. ಉಮಾ ಪಾಟಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ನಾನು ಸ್ಟೋದ ಕಡೆಗೆ ಮುಖ ಮಾಡಿ ಕೂತೆ. ಆ ಸ್ಟೋ ಬುಸುಗುಡುವ ಸದ್ದಿನಲ್ಲಿ ಕೂಗಿ ಹೇಳದೆ ಏನೂ ಕೇಳುತ್ತಿರಲಿಲ್ಲ. ಅವಳು ನನ್ನ ಸೆರಗು ಎಳೆದಳು. ಬೆನ್ನಿಗೆ ಪಾಟಿ ತಾಗಿಸಿದಳು. ನಾನು ತಿರುಗಲಿಲ್ಲ. ಅವಳು ವಾಪಸು ಹೋದಳು. ಅಂಗಳದ ಆಚೆ ಮಾವನವರು ಎರಡೂ ಕೈ ಬರಿದಾಗಿ ತೋರಿಸುತ್ತಿದ್ದರು.

ಹೀಗೆ ಎಷ್ಟು ಬೆಳಗು ಹೋದವೋ. ಬೆಳಗಿನ ಚಹಾ ಇಲ್ಲದೆ ಅವರ ಮುಖ ಬಾಡಿತು. ಯಾತ್ರೆಗೆ ಬಂದಿದ್ದ ಒಬ್ಬ ಮುದುಕಿ ಇದನ್ನೆಲ್ಲ ನೋಡುತ್ತಿದ್ದಳು. "ಯಾಕವಾ, ಮಾವಗ ಒಂದ್ ಲೋಟಾ ಚಹಾ ಕೊಡಲಿಕ್ಕೂ ಕೈ ಸೋತಾವೇನು? ಕಾಶಿಯೊಳಗ ಇದ್ದು ಇಂಥಾ ಪಾಪ ಕಟ್ಟಿಕೊಳ್ಳಬ್ಯಾಡ," ಎಂದಳು. ನಿಜಕ್ಕೂ ಕೈ ಸೋತಿದ್ದವು. ಎಲ್ಲವನ್ನೂ ವಿವರಿಸಲು ತ್ರಾಣವಿರಲಿಲ್ಲ. ಅವಳ ತಟ್ಟೆಗೆ ಇನ್ನೆರಡು ಇಡ್ಲಿ ಹಾಕಿದೆ.

ಒಂದು ದಿನ ಬೆನ್ನ ಹಿಂದಿನಿಂದ ದನಿ ಬಂತು. ಒಡೆದ ಕೊಳಲಿನಿಂದ ಬಂದಂತೆ, ಮೊದಲು ಗಾಳಿ, ಆಮೇಲೆ ಮಾತು. "ಅಮ್ಮಾ! ಅಜ್ಜಗ ಚಹಾ ಕೊಡು! ಸಕ್ಕರಿ ಜಾಸ್ತಿ!"

ತಿರುಗಿ ನೋಡಿದೆ. ಅವಳ ಮುಖ ಕೆಂಪಾಗಿತ್ತು. ಪಾಟಿಯ ಮೇಲೆ ಇದ್ದುದು "ಚಹಾ" ಎಂದಷ್ಟೇ. ಸಕ್ಕರೆ ಅವಳದೇ ಸೇರ್ಪಡೆ. ಅಂಗಳದಲ್ಲಿ ಮಾವನವರ ಬಟ್ಟೆ ಪಟಪಟ ಬಡಿಯುತ್ತಿತ್ತು. ನಾನು ಸಕ್ಕರೆ ಹಾಕಿ ಕದಡುತ್ತ ಅಲ್ಲೇ ಕೂತು ಅತ್ತೆ. ಅತ್ತದ್ದು ಸಂತೋಷಕ್ಕೋ ದಣಿವಿಗೋ ಈಗ ನೆನೆದರೂ ತಿಳಿಯುವುದಿಲ್ಲ.

ಆ ಮೇಲೆ ಅಜ್ಜ ಬರೆಯುವುದು, ಮೊಮ್ಮಗಳು ಓದಿ ಕೂಗುವುದು ಮನೆಯ ಕ್ರಮವಾಯಿತು. ಅವಳಿಗೆ ಓದು ಬಂದದ್ದು ಹೀಗೆಯೇ. ಓದದಿದ್ದರೆ ಅಜ್ಜನ ಮಾತು ಯಾರಿಗೂ ತಲುಪುತ್ತಿರಲಿಲ್ಲ. "ಇವತ್ತಿನ ಸಾರಿಗೆ ಉಪ್ಪು ಹಾಕೂದು ಮರತೀ" ಎಂಬುದನ್ನು ಯಾತ್ರಿಕರ ಪಂಕ್ತಿಯ ನಡುವೆ ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಳು. ತರಕಾರಿ ಗಾಡಿಯವನು ಗಲ್ಲಿಗೆ ಬಂದರೆ ಇಬ್ಬರೂ ಕಿಟಕಿಯಲ್ಲಿ. ಅಜ್ಜ ಹಿಂದಿಯಲ್ಲಿ ಬರೆದುಕೊಟ್ಟದ್ದನ್ನು ಅವಳು ಕೆಳಗೆ ಒದರುವಳು: "ಭಿಂಡೀ ಬಾಸೀ ಹೈ, ದಾಮ್ ಕಮ್ ಕರೋ!"

ಅವನು ಮೇಲೆ ನೋಡಿ, "ಕಾ ಬಿಟಿಯಾ, ಬಾಬಾ ಕ ವಕೀಲ ಹಊ ಕಾ?" ಎನ್ನುತ್ತಿದ್ದ. ಅಜ್ಜನ ವಕೀಲಳು ಎಂದು ಗಲ್ಲಿಯಲ್ಲೆಲ್ಲ ಹೆಸರಾಯಿತು. ಬಾಡಿದೆ, ಬೆಲೆ ಇಳಿಸು ಎಂದು ಅವಳು ಒದರುತ್ತಿದ್ದ ಭಿಂಡಿ ನಿಜಕ್ಕೂ ಎಳೆಯದೇ ಇರುತ್ತಿತ್ತು. ಅದನ್ನು ಹೇಳಿದರೆ ಮಾವನವರು ಬರೆಯುತ್ತಿದ್ದರು: "ಬೆಂಡಿಕಾಯಿ ಯಾರಿಗೆ ಬೇಕಾಗ್ಯದ? ಜಗಳಾ ಕಲೀಲಿ."

ಚಳಿಗಾಲದಲ್ಲಿ ಗಲಭೆಯೆದ್ದು ಊರಿಗೆ ಕರ್ಫ್ಯೂ ಬಿತ್ತು. ಯಾತ್ರಿಕರು ಬರಲಿಲ್ಲ. ಹೊಸ್ತಿಲ ಹೊರಗೆ ನಮ್ಮವೇ ಚಪ್ಪಲಿ. ಉಮಾ ಅವನ್ನೇ ಎಣಿಸಿ, ತೀರಿಕೊಂಡ ಅಜ್ಜಿಯ ಚಪ್ಪಲಿ ಎಲ್ಲಿ, ಕೂಡಿಸಬೇಕೋ ಕಳೆಯಬೇಕೋ ಎಂದು ಕೂಗಿ ಕೇಳಿದಳು. ಮಾವನವರು "ಕಳೀಬೇಕು" ಎಂದು ಬರೆದರು. ಆ ಚಳಿಗಾಲದಲ್ಲಿ ನನಗೆ ಮೊದಲ ಸಲ ವಿಶ್ರಾಂತಿ ಸಿಕ್ಕಿತು. ಮಧ್ಯಾಹ್ನ ಬಿಸಿಲಿಗೆ ಮಲಗಿ, ಒಬ್ಬಳ ದನಿಯಲ್ಲಿ ಇಬ್ಬರು ವಾದ ಮಾಡುವುದನ್ನು ಕೇಳುತ್ತಿದ್ದೆ.

ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಮಾವನವರ ಕಿವಿಯ ಕೆಳಗೆ ಮತ್ತೆ ಗಡ್ಡೆ ಬಂತು. ಡಾಕ್ಟರು ಈ ಸಲ ಕೈ ಹಚ್ಚುವುದಿಲ್ಲ ಎಂದರು. ನುಂಗುವುದು ಕಷ್ಟವಾಯಿತು. ಆದರೂ ಬೆಳಿಗ್ಗೆ ಉಮಾಳನ್ನು ಅಡುಗೆಮನೆಗೆ ಕಳಿಸುವುದನ್ನು ಬಿಡಲಿಲ್ಲ. ಅವಳು ಕೂಗುವಳು, ನಾನು ಕೊಡುವೆ, ಲೋಟ ಮಂಚದ ಪಕ್ಕದಲ್ಲಿ ಆರುತ್ತಿತ್ತು.

"ಅಜ್ಜಾ, ಯಾಕ ಕುಡೀವಲ್ಲಿ? ನಾ ಅಷ್ಟು ಜೋರಾಗಿ ಕೇಳಿ ತಂದೇನಿ," ಎಂದಳು ಒಮ್ಮೆ.

"ನೀನ ಕುಡಿ. ಒದರಿ ಒದರಿ ಗಂಟಲಾ ಒಣಗಿರತದ," ಎಂದು ಬರೆದರು.

ಎರಡನೆಯ ಸಲ ಶಾಲೆಗೆ ಹೋದ ದಿನ ಅವರಿಗೆ ಬಳಪ ಹಿಡಿಯಲೂ ಆಗುತ್ತಿರಲಿಲ್ಲ. ಉಮಾ ಹೊಸ ಫ್ರಾಕು ಹಾಕಿಕೊಂಡು ಮಂಚದ ಬಳಿ ನಿಂತು, "ಏನ ಹೇಳಲಿ ಅಜ್ಜಾ?" ಎಂದಳು. ಅವರು ಬಾಯಿ ದೊಡ್ಡದಾಗಿ ತೆರೆದು ತೋರಿಸಿದರು. ಒಳಗೆ ಹಲ್ಲಿಲ್ಲ, ನಾಲಗೆಯ ಮೇಲೆ ಬಿಳಿ ಹುಣ್ಣು. ಉಮಾ ಅದನ್ನು ನೋಡಿ, ತಾನೂ ಅಷ್ಟೇ ದೊಡ್ಡದಾಗಿ ಬಾಯಿ ತೆರೆದಳು.

ಅದೇ ಮೇಡಂ. ಹೆಸರು ಕೇಳಿದರು. "ಉಮಾ!" ಎಂದದ್ದಕ್ಕೆ ಹೊರಗಿನ ಚಪರಾಸಿ ಒಳಗೆ ಇಣುಕಿದ. ಗಿನತೀ ಎಂದರು. ಅವಳು ಎರಡೂ ಕೈ ಹೊರಗಿಟ್ಟು ಹತ್ತು ದಾಟಿದಳು, ಇಪ್ಪತ್ತು ದಾಟಿದಳು. "ಬಸ್ ಬೇಟಾ, ಬಸ್," ಎಂದರು ಮೇಡಂ. "ಅಭೀ ಔರ್ ಆತಾ ಹೈ!" ಎಂದು ಉಮಾ ಮುಂದುವರಿಸಿದಳು. ಮೇಡಂ ನಕ್ಕು ಕಾಗದಕ್ಕೆ ಸಹಿ ಹಾಕಿದರು.  ರಿಕ್ಷಾದಲ್ಲಿ ಅವಳನ್ನು ಅವುಚಿಕೊಂಡು ಕೂತೆ. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದುತ್ತ ಬಂದಳು.

ಮನೆಗೆ ಬಂದು ಎಲ್ಲವನ್ನೂ ಅಜ್ಜನ ಕಿವಿಯಲ್ಲಿ ಕೂಗಿ ಹೇಳಿದಳು, ಮೇಡಂನ ಮಾತು ಮೇಡಂನ ದನಿಯಲ್ಲಿ, ತನ್ನ ಮಾತು ತನ್ನ ದನಿಯಲ್ಲಿ. ಮಾವನವರು ಕಣ್ಣು ಮುಚ್ಚಿಕೊಂಡೇ ಅವಳ ಕೈ ಹುಡುಕಿ ಹಿಡಿದರು. ಅವಳು ಹೇಳಿ ಮುಗಿಸಿದ ಮೇಲೂ ಬಿಡಲಿಲ್ಲ. ನಾನು ಅವರನ್ನು ಎಚ್ಚರದಲ್ಲಿ ಕಂಡದ್ದು ಅದೇ ಕೊನೆ.

ಶಾಲೆ ಶುರುವಾಗಲು ಇನ್ನೂ ಸಮಯವಿತ್ತು. ಅದಕ್ಕೆ ಮೊದಲೇ, ಲೂ ಎನ್ನುವ ಬಿಸಿಗಾಳಿಯ ದಿನಗಳಲ್ಲಿ ಮಾವನವರು ತೀರಿಕೊಂಡರು, ಬೆಳಿಗ್ಗೆ ಅವರನ್ನು ಘಾಟಿಗೆ ಹೊತ್ತೊಯ್ದರು. ನಮ್ಮಲ್ಲಿ ಹೆಂಗಸರು ಶವದ ಜೊತೆ ಘಾಟಿಗೆ ಹೋಗುವುದಿಲ್ಲ. ನಾನು ಉಮಾಳನ್ನು ಎತ್ತಿಕೊಂಡು ಮೇಲಿನ ಕಿಟಕಿಯಲ್ಲಿ ನಿಂತಿದ್ದೆ. ಗಲ್ಲಿ ಇಕ್ಕಟ್ಟು, ಹೊತ್ತವರು ನಿಧಾನವಾಗಿ ನಡೆಯುತ್ತಿದ್ದರು. ಮುಂದೆ ನಮ್ಮ ಮನೆಯವರು ಬೆಂಕಿಯ ಮಡಕೆ ಹಿಡಿದು ಹೋಗುತ್ತಿದ್ದರು.

"ಅಜ್ಜಾ!" ಎಂದು ಉಮಾ ಕೂಗಿದಳು. "ಅಜ್ಜಾ, ಎಲ್ಲಿ ಹೊಂಟೀ?"

ಕೆಳಗೆ ರಾಮನಾಮ ಹೇಳುತ್ತಿದ್ದವರ ದನಿಗಿಂತ ಅದು ದೊಡ್ಡದಾಗಿತ್ತು. ಎದುರು ಮನೆಯಾಕೆ ಕಿಟಕಿಯಿಂದ, "ಬಹೂ, ಬಿಟಿಯಾ ಕೋ ಚುಪ್ ಕರಾವೋ," ಎಂದು ತುಟಿಗೆ ಬೆರಳಿಟ್ಟರು. ನಾನು ಅವಳ ಫ್ರಾಕು ಬಿಗಿಯಾಗಿ ಹಿಡಿದುಕೊಂಡೆ, ಬಾಯಿ ಮುಚ್ಚಿಸಲಿಲ್ಲ. ಅವಳು ಮತ್ತೆ ಕೂಗಿದಳು, ಮತ್ತೆ ಮತ್ತೆ, ಅದೇ ಮಾತನ್ನು.

ಬೆಂಕಿ ಹಿಡಿದು ಹೊರಟವನು ಹಿಂದೆ ನೋಡಬಾರದು. ಘಾಟಿಗೆ ಬಂದವರಿಗೆ ಈ ನಿಯಮ ಹೇಳಿ ಹೇಳಿ ನಮ್ಮ ಮನೆಯವರಿಗೆ ಬಾಯಿಪಾಠವಾಗಿತ್ತು. ಗಲ್ಲಿ ತಿರುಗುವಲ್ಲಿ ಅವರು ನಿಂತರು, ಮಡಕೆಯನ್ನು ಎದೆಗೆ ಹಿಡಿದುಕೊಂಡೇ ತಿರುಗಿ ನೋಡಿದರು.