ಇನ್ನೂರ ಹನ್ನೆರಡು ಸಹಿ, ಒಂದು ಬಸ್ಸು

ಹವಾಲ್ದಾರ್ ತಿಮ್ಮರಾಯಪ್ಪನವರು ಬಾವಿಯಿಂದ ಒಂದೇ ಕೊಡ ನೀರು ಸೇದಿದರೂ ಹಗ್ಗವನ್ನು ಹಾಗೇ ಬಿಸಾಕಿ ಬರುವವರಲ್ಲ. ಒಂದರ ಮೇಲೊಂದು ಒಂದೇ ಅಳತೆಯ ಸುರುಳಿ ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಆಮೇಲೆ ಕೊಡ ಎತ್ತುವರು. ಜಯನಗರದ ಆಗಿನ ಕಟ್ಟಕಡೆಯ ಅಡ್ಡರಸ್ತೆಯಲ್ಲಿದ್ದ ನಾವೆಲ್ಲ ಹಲ್ಲುಜ್ಜುತ್ತ ಇದನ್ನು ನೋಡಿ ನಗುತ್ತಿದ್ದೆವು. ನಮ್ಮ ಮನೆಗಳ ಕೊಡ ವಾರಕ್ಕೊಮ್ಮೆ ಹಗ್ಗದ ಸಮೇತ ಬಾವಿಗೆ ಬೀಳುತ್ತಿತ್ತು. ಅದನ್ನೆತ್ತುವ ಪಾತಾಳಗರಡಿ ಬೀದಿಗೆಲ್ಲ ಒಂದೇ, ಅದೂ ಅವರ ಮನೆಯಲ್ಲಿ. ಕೇಳಲು ಹೋಗುವ ಹೊತ್ತಿಗೆ ನಗು ತಾನಾಗಿ ನಿಂತಿರುತ್ತಿತ್ತು.

ಅವರು ಪುಟ್ಟೇನಹಳ್ಳಿಯ ಒಕ್ಕಲು ಮನೆಯವರು. ಹತ್ತೊಂಬತ್ತುನೂರ ನಲವತ್ತೊಂದರಲ್ಲಿ ನೇಗಿಲನ್ನು ಅಣ್ಣಂದಿರ ಕೈಗೆ ಕೊಟ್ಟು ದಂಡಿಗೆ ಸೇರಿದರು. ಸೇತುವೆ ಕಟ್ಟುವ ಪಡೆ. ಬರ್ಮಾದ ಹೊಳೆಗಳ ಎದೆಮಟ್ಟದ ನೀರಿನಲ್ಲಿ ನಿಂತು ತೊಲೆ ಹೊತ್ತಿದ್ದರು. ಇಪ್ಪತ್ತು ವರ್ಷದ ಚಾಕರಿಯಲ್ಲಿ ಅವರು ಕಲಿತದ್ದು ಎರಡು ಸಂಗತಿ. ಗೆರೆ ಎಳೆದರೆ ನೆಟ್ಟಗಿರಬೇಕು. ಮೇಲಿನವರು ಮಾತು ಕೊಟ್ಟರೆ ಅದು ಆದ ಹಾಗೆಯೇ. ಮೊದಲನೆಯದು ಕೊನೆಯವರೆಗೂ ಅವರ ಕೈಬಿಡಲಿಲ್ಲ.

ಮಗಳು ಸರಸ್ವತಿಗೆ ಮೂರು ತುಂಬುವ ಮೊದಲು ಜ್ವರ ಬಂದು ಎಡಗಾಲು ಸೋತಿತ್ತು. ದಂಡಿನ ಆಸ್ಪತ್ರೆಯವರು ಅವಳ ಕಾಲಿಗೆ ಎರಡು ಕಬ್ಬಿಣದ ಪಟ್ಟಿ, ತೊಗಲಿನ ಕಟ್ಟು, ಕೆಳಗೊಂದು ಬೂಟು ಸೇರಿಸಿ ಒಂದು ಸಾಧನ ಮಾಡಿಕೊಟ್ಟಿದ್ದರು. ಮಗು ಬೆಳೆದಂತೆ ವರ್ಷಕ್ಕೊಮ್ಮೆ ಹೊಸ ಅಳತೆ, ಹೊಸ ಪಟ್ಟಿ. ಅದನ್ನು ಕಟ್ಟಿಕೊಂಡರೆ ಹುಡುಗಿ ಟಕ್ ಟಕ್ ಎಂದು ಸ್ಕೂಲಿಗೆ ನಡೆದೇ ಹೋಗುವಳು. ಬಿಚ್ಚಿದರೆ ನೆಲದ ಮೇಲೆ ತೆವಳಬೇಕು. ತೆವಳುವುದನ್ನು ಯಾರಾದರೂ ನೋಡುತ್ತಾರೆಂದು ಅವಳು ರಾತ್ರಿ ಮಲಗುವವರೆಗೂ ಪಟ್ಟಿ ಬಿಚ್ಚಲು ಬಿಡುತ್ತಿರಲಿಲ್ಲ.

ಅರವತ್ತೊಂದರ ಮಾರ್ಚಿ ಕೊನೆಗೆ ತಿಮ್ಮರಾಯಪ್ಪನವರು ಪಿಂಚಣಿ ಪಡೆದು ಮನೆಗೆ ಬಂದರು. ಏಪ್ರಿಲ್‌ನಲ್ಲಿ, ಒಂಬತ್ತು ವರ್ಷದ ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊಸ ಅಳತೆ ಕೊಡಲು ಆಸ್ಪತ್ರೆಗೆ ಹೋದರು. ಗೇಟಿನಲ್ಲಿದ್ದವನು ಅವರ ಕೈಕೆಳಗೆ ಕೆಲಸ ಮಾಡಿದ್ದ ಜವಾನ. ಎದ್ದು ನಿಂತು ಸಲ್ಯೂಟ್ ಹೊಡೆದ. ಆಮೇಲೆ ಅದೇ ಕೈಯನ್ನು ಇಳಿಸಿ ಗೇಟಿಗೆ ಅಡ್ಡ ಹಿಡಿದ. ಚಾಕರಿಯಲ್ಲಿರುವವರೆಗೆ ಮಾತ್ರ ಹೆಂಡತಿ ಮಕ್ಕಳಿಗೆ ಚಿಕಿತ್ಸೆ, ಆಮೇಲಿಲ್ಲ ಎಂದು ನಿಯಮವಂತೆ. ನಿವೃತ್ತಿಯಾದದ್ದು ತಮಗೆ, ಮಗುವಿನ ಕಾಲಿಗೇನೂ ನಿವೃತ್ತಿಯಾಗಿಲ್ಲವಲ್ಲ ಎಂಬ ಒಂದೇ ಪ್ರಶ್ನೆಯನ್ನು ಅವರು ಏಳು ಕಾಗದಗಳಲ್ಲಿ, ಏಳು ಮೆಟ್ಟಿಲು ಬಿಡದೆ, ಮೇಲಿನವರಿಗೆ ಬರೆದು ಕೇಳಿದರು. ಏಳಕ್ಕೂ ಉತ್ತರ ಬಂತು. ಎಲ್ಲವೂ ಬಹಳ ಮರ್ಯಾದೆಯ ಕಾಗದಗಳು. ಹೊರಗೆ ಮಾಡಿಸೋಣವೆಂದರೆ ಒಂದು ಜೊತೆಗೆ ನಾಲ್ಕು ತಿಂಗಳ ಪಿಂಚಣಿ ಬೇಕು. ಅಷ್ಟರಲ್ಲಿ ಹುಡುಗಿ ಒಂದು ಬೆರಳಗಲ ಬೆಳೆದು, ಹಳೆಯ ಪಟ್ಟಿ ಮೊಣಕಾಲಿನ ಕೆಳಗೆ ಒತ್ತಿ ಗಾಯ ಮಾಡತೊಡಗಿತು.

ಶಾಸಕರ ಹತ್ತಿರ ಹೋಗಿ ಎಂದು ಬುದ್ಧಿ ಹೇಳಿದವನು ಬೈರಣ್ಣ. ಅವನೂ ದಂಡಿನಿಂದ ಬಂದವನೇ. ಈಗ ಮೂಲೆಯಲ್ಲಿ ಸೈಕಲ್ ಶಾಪು ಇಟ್ಟಿದ್ದ. ಬರುವ ಫೆಬ್ರವರಿಯಲ್ಲಿ ಚುನಾವಣೆ, ಈಗ ಕೇಳದಿದ್ದರೆ ಇನ್ನೈದು ವರ್ಷ ಅವರ ಮುಖ ಕಾಣುವುದಿಲ್ಲ ಎಂದ.

ಶಾಸಕ ಪರಮಶಿವಯ್ಯನವರು ಯಾರೇ ಬಂದರೂ ಅವರ ಒಂದು ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಮಾತಾಡುವವರು. ತಿಮ್ಮರಾಯಪ್ಪನವರ ಕೈಯನ್ನೂ ಹಾಗೇ ಹಿಡಿದರು. ಸರಸ್ವತಿಯ ಕಾಲಿನ ಗಾಯ ನೋಡಿ ಅವರ ಕಣ್ಣಲ್ಲಿ ನೀರು ಬಂತು. ಅದು ನಿಜವಾದ ನೀರೇ ಎಂದು ಹವಾಲ್ದಾರರ ಹೆಂಡತಿ ಮುನಿಲಕ್ಷ್ಮಮ್ಮನವರು ಆಮೇಲೂ ಒಪ್ಪುತ್ತಿದ್ದರು.

“ನೂರು ಸಹಿ ತನ್ನಿ ಹವಾಲ್ದಾರ್. ನಿಮ್ಮಂಥ ಕುಟುಂಬಗಳದ್ದೇ ಆಗ್ಬೇಕು. ಸಭೇಲಿ ಎದ್ದು ನಿಂತ್ಕೋತೀನಿ. ಇಡೀ ಸಭೆ ಒಂದು ಗೊತ್ತುವಳಿ ಮಾಡಿ ದೆಲ್ಲಿಗೆ ಕಳಿಸೋ ಹಾಗೆ ಮಾಡ್ತೀನಿ. ಇದು ನನ್ನ ಮಾತು.”

ಮೇಲಿನವರು ಮಾತು ಕೊಟ್ಟಾಯಿತು. ತಿಮ್ಮರಾಯಪ್ಪನವರು ಮಳೆಗಾಲವಿಡೀ ಸೈಕಲ್ ತುಳಿದರು. ತ್ಯಾಗರಾಜನಗರದಿಂದ ಅರೆಕೆರೆಯವರೆಗೆ, ಎಲ್ಲೆಲ್ಲಿ ದಂಡಿನಿಂದ ಬಂದವರ ಮನೆಯಿದೆಯೋ ಅಲ್ಲೆಲ್ಲ ಹೋದರು. ಒಂದು ಮನೆಯಲ್ಲಿ ಮಜ್ಜಿಗೆ, ಇನ್ನೊಂದರಲ್ಲಿ ನಾಯಿ. ಅರೆಕೆರೆಯ ಶಾಂತವೀರಪ್ಪ ಯುದ್ಧದಲ್ಲಿ ಎಡಗೈ ಕಳೆದುಕೊಂಡಿದ್ದ. ಅವನಿಗೆ ಮಕ್ಕಳೇ ಇಲ್ಲ. ಆದರೂ ಸಂಗತಿ ಕೇಳಿ ಉಳಿದ ಕೈಯ ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿ ಒತ್ತಿದ. ಕೇಳಿದ್ದು ನೂರು; ಹವಾಲ್ದಾರರು ತಂದದ್ದು ಇನ್ನೂರ ಹನ್ನೆರಡು.

ಆ ಹಾಳೆಗಳನ್ನು ನೋಡಬೇಕಿತ್ತು. ಅಚ್ಚಿನಲ್ಲಿ ಹಾಕಿದಂಥ ಗೆರೆಗಳು. ದಂಡಿನ ನಂಬರು, ಹುದ್ದೆ, ಹೆಸರು, ಸಹಿ ಎಂದು ನಾಲ್ಕು ಕಂಬ. ಎಲ್ಲಕ್ಕೂ ಮುಂದೆ ಒಂದೇ ಒಂದು ಹಾಳೆಯಲ್ಲಿ ಮನವಿ: ನಿವೃತ್ತ ಸೈನಿಕರ ಅಂಗವಿಕಲ ಮಕ್ಕಳಿಗೆ ಬದುಕಿರುವವರೆಗೂ ದಂಡಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗಬೇಕು. ಹಿಂದಿನ ಹದಿನಾಲ್ಕು ಹಾಳೆಗಳಲ್ಲಿ ವಿಷಯದ ಸುಳಿವೇ ಇಲ್ಲ, ಬರೀ ಸಹಿ.

ಬೈರಣ್ಣ ಅವನ್ನು ತಿರುವಿ ತಲೆ ಕೆರೆದುಕೊಂಡ. “ಅಣ್ಣ, ಪ್ರತಿ ಹಾಳೆ ತಲೆ ಮೇಲೂ ಆಸ್ಪತ್ರೆ ವಿಷಯ ಒಂದು ಸಾಲು ಬರೀಬಾರ್ದಾ?”

“ದಂಡಲ್ಲಿ ಏನೋ ಕಲ್ತೆ ನೀನು? ಹುಕುಂ ಒಂದು ಸಲ. ಮಿಕ್ಕಿದ್ದೆಲ್ಲ ಅದರ ಹಿಂದಿನ ಲಗತ್ತು. ಲಗತ್ತಿಗೆ ಯಾರಾದ್ರೂ ತಲೆಬರಹ ಹಾಕ್ತಾರಾ?”

ಮುನಿಲಕ್ಷ್ಮಮ್ಮನವರಿಗೆ ಓದು ಬಾರದು. ಅವರಿಗೆ ಕಾಗದಕ್ಕಿಂತ ದಾರದ ಮೇಲೆ ನಂಬಿಕೆ. ಗೋಣಿ ಹೊಲಿಯುವ ದಬ್ಬಳ ತಂದು ಎಲ್ಲವನ್ನೂ ಸೇರಿಸಿ ಹೊಲಿದುಬಿಡುವೆನೆಂದರು. ಸರ್ಕಾರದ ಕಡತವೇನು ರಾಗಿ ಮೂಟೆಯೇ ಎಂದು ಹವಾಲ್ದಾರರು ನಕ್ಕರು. ಮೂಲೆಯಲ್ಲಿ ಒಂದು ತೂತು, ಅದಕ್ಕೊಂದು ಹಸಿರು ಟ್ಯಾಗು. ಎಲ್ಲ ಕಚೇರಿಗಳಲ್ಲೂ ಹಾಗೆಯೇ. ಬೇಕಾದವರು ಬೇಕಾದಾಗ ಬಿಚ್ಚಬಹುದು ಎಂಬುದೇ ಅದರ ಅನುಕೂಲ ಎಂದು ಹೆಂಡತಿಗೆ ತಿಳಿಸಿ ಹೇಳಿದರು.

ದಸರಾ ಕಳೆದು ಅಧಿವೇಶನ ಕೂಡಿತು. ಪರಮಶಿವಯ್ಯನವರ ಪ್ರಶ್ನೆ ಬರುವ ದಿನ ಮೂವರಿಗೂ ಪಾಸು ಬಂತು. ಹವಾಲ್ದಾರರು ಎದೆಯ ಮೇಲೆ ಪದಕ ಸಿಕ್ಕಿಸಿಕೊಂಡು, ಮಗಳನ್ನು ಬೆನ್ನ ಮೇಲೆ ಹೊತ್ತು ವಿಧಾನಸೌಧದ ಮೆಟ್ಟಿಲು ಹತ್ತಿದರು. ಸರಸ್ವತಿ ಮೆಟ್ಟಿಲು ಎಣಿಸುತ್ತ ಹೋದಳು. ಪಟ್ಟಿ ಆಗಲೇ ಕಟ್ಟಲಾಗದಷ್ಟು ಗಿಡ್ಡವಾಗಿತ್ತು. ಆದರೂ ಯಾರಾದರೂ ನೋಡಲು ಕೇಳಿದರೆ ಇರಲೆಂದು ಮುನಿಲಕ್ಷ್ಮಮ್ಮನವರು ಅದನ್ನು ಚೀಲದಲ್ಲಿ ಇಟ್ಟುಕೊಂಡಿದ್ದರು.

ಪರಮಶಿವಯ್ಯನವರು ಎದ್ದು ನಿಂತರು. ಅಷ್ಟು ಮಾತನ್ನು ಅವರು ಉಳಿಸಿಕೊಂಡರು. ದೇಶಕ್ಕಾಗಿ ರಕ್ತ ಸುರಿಸಿದ ಇನ್ನೂರ ಹನ್ನೆರಡು ಕುಟುಂಬಗಳು ಸಹಿ ಮಾಡಿ ಕೊಟ್ಟ ಮನವಿ ತಮ್ಮ ಕೈಯಲ್ಲಿದೆ ಎಂದು ಹಾಳೆಗಳನ್ನು ಎತ್ತಿ ತೋರಿಸಿದರು. ಹಸಿರು ಟ್ಯಾಗು ಗ್ಯಾಲರಿಯವರೆಗೆ ಕಂಡಿತು. ಮಂತ್ರಿಗಳು ಎದ್ದು, ಆ ವೀರಕುಟುಂಬಗಳ ಬೇಡಿಕೆಯನ್ನು ಸರ್ಕಾರ ಒಪ್ಪಿದೆ ಎಂದರು. ಸದಸ್ಯರು ಮೇಜು ಕುಟ್ಟಿದರು. ಹವಾಲ್ದಾರರು ಗ್ಯಾಲರಿಯಲ್ಲಿ ನೆಟ್ಟಗೆ ಎದ್ದು ನಿಂತುಬಿಟ್ಟರು. ಕಾವಲಿನವನು ಬಂದು ಕೂರಿಸಬೇಕಾಯಿತು. ಕೂತಾದ ಮೇಲೂ ಅವರ ಕಿವಿಯಲ್ಲಿ ಮೇಜು ಕುಟ್ಟುವ ಸದ್ದೇ ತುಂಬಿತ್ತು. ಮಂತ್ರಿಗಳ ಮುಂದಿನ ವಾಕ್ಯ ಕೇಳಿಸಿದ್ದು ಹುಡುಗಿಗೆ.

“ಅಪ್ಪ, ಬಸ್ಸು ಅಂತಿದಾರೆ.”

ಬಸ್ಸೇ. ಸೌತ್ ಎಂಡ್‌ನಲ್ಲಿ ನಿಲ್ಲುತ್ತಿದ್ದ ಬಸ್ಸನ್ನು ನಮ್ಮ ಬೀದಿಯ ಕೊನೆಯವರೆಗೆ, ಅಲ್ಲಿಂದಾಚೆಗೆ ಇನ್ನರ್ಧ ಮೈಲಿ, ರಾಗಿ ಹೊಲದ ನಡುವಿನವರೆಗೂ ಬಿಡುವುದೆಂದು ತೀರ್ಮಾನವಾಗಿತ್ತು. ರಾಗಿ ಹೊಲಕ್ಕೆ ಬಸ್ಸು ಯಾಕೆ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಆ ಹೊಲ ಪರಮಶಿವಯ್ಯನವರ ಭಾವಮೈದುನನದೆಂದೂ, ಅದರಲ್ಲಿ ಸೈಟುಗಳಿಗೆ ಆಗಲೇ ಕಲ್ಲು ನೆಟ್ಟಾಗಿದೆಯೆಂದೂ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಹವಾಲ್ದಾರರೊಬ್ಬರೇ, ಅವರು ಸಹಿ ಕೂಡಿಸುವುದರಲ್ಲಿದ್ದರು.

ಮೊಗಸಾಲೆಯಲ್ಲಿ ಶಾಸಕರು ಸಿಕ್ಕರು. ತಪ್ಪಿಸಿಕೊಂಡು ಹೋಗುವ ಮನುಷ್ಯರಲ್ಲ. ತಾವೇ ಹತ್ತಿರ ಬಂದು ಕೈ ಹಿಡಿದುಕೊಂಡರು.

“ಆಸ್ಪತ್ರೆ ದೆಲ್ಲಿಯವರ ವಿಷಯ ಕಣ್ರೀ. ಇಲ್ಲಿ ಎತ್ತಿದ್ರೆ ನನ್ನ ಕೂರಿಸಿಬಿಡ್ತಾರೆ. ಅಷ್ಟು ಕಷ್ಟಪಟ್ಟು ತಂದ ಸಹಿ, ದಂಡ ಆಗೋದು ಬೇಡ ಅಂತ ಬಸ್ಸಿನ ಮನವಿಗೆ ಹಾಕ್ದೆ.”

“ಮೊದಲ್ನೇ ಹಾಳೆ ಎಲ್ಲಿ ಸಾರ್?”

“ಇರುತ್ತೆ ಬಿಡಿ. ನೋಡಿ, ಬಸ್ಸು ಬಂತು ಅಂದ್ರೆ ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ನಿಮಗೇ ಅನುಕೂಲ.”

“ಹೋದ್ರೆ ಒಳಗೆ ಬಿಡೋದಿಲ್ಲ ಸಾರ್.”

ಶಾಸಕರು ಇದಕ್ಕೆ ಏನೋ ಹೇಳುವುದರಲ್ಲಿದ್ದರು. ಅಷ್ಟರಲ್ಲಿ ಯಾರೋ ಕರೆದರು. ಹವಾಲ್ದಾರರು ಇಳಿಯುವಾಗಲೂ ಮಗಳನ್ನು ಹೊತ್ತೇ ಇಳಿದರು. ಹುಡುಗಿ ಈ ಸಲ ಎಣಿಸಲಿಲ್ಲ.

ನಮ್ಮ ಬೀದಿಯಲ್ಲಿ ಅವತ್ತು ಹಬ್ಬ. ಸೌತ್ ಎಂಡ್‌ನಿಂದ ದಿನಾ ಕೆಮ್ಮಣ್ಣಿನ ಕೆಸರು ತುಳಿದು ಬರುತ್ತಿದ್ದ ಗುಮಾಸ್ತರು, ಮೇಷ್ಟರು ಎಲ್ಲ ಹವಾಲ್ದಾರರ ಮನೆಗೆ ನುಗ್ಗಿ ಕೈ ಕುಲುಕಿದೆವು. ಅವರು ಏನೋ ಹೇಳಲು ಬಾಯಿ ತೆರೆದರು. ನಾವು ಅದನ್ನು ವಿನಯವೆಂದುಕೊಂಡೆವು. ಮನುಷ್ಯನಿಗೆ ಬೇಕಾದದ್ದು ಬಂದಾಗ ಎದುರಿನವರ ಮುಖ ಓದುವ ಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ. ನನಗೆ ಮೊದಲೇ ಕನ್ನಡಕ.

ಮೂರು ದಿನದ ಮೇಲೆ ಶಾಂತವೀರಪ್ಪ ಅರೆಕೆರೆಯಿಂದ ನಡೆದು ಬಂದ. ಒಳಗೆ ಬಾ ಎಂದರೆ ಬರಲಿಲ್ಲ, ಜಗಲಿಯ ಮೇಲೆ ಕೂರಲೂ ಇಲ್ಲ. ರಾಗಿ ಹೊಲದ ಸೈಟುಗಳಲ್ಲಿ ಹವಾಲ್ದಾರರಿಗೂ ಒಂದಿದೆಯಂತೆ ಎಂದು ಅರೆಕೆರೆಯಲ್ಲಿ ಜನ ಆಡಿಕೊಳ್ಳುತ್ತಿದ್ದರು.

“ನಂಗೆ ಇರೋದೇ ಒಂದು ಹೆಬ್ಬೆಟ್ಟು,” ಎಂದ ಶಾಂತವೀರಪ್ಪ. “ಅದನ್ನೂ ಮಾರ್ಬಿಟ್ರಲ್ಲ ಹವಾಲ್ದಾರ್ರೇ.”

ತಿಮ್ಮರಾಯಪ್ಪನವರು ಮೊದಲಿಂದ ಕೊನೆಯವರೆಗೆ ನಡೆದದ್ದೆಲ್ಲ ಹೇಳಿದರು. ಅವನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಮೊದಲ ಹಾಳೆ ತೋರಿಸಿ ಎಂದ. ತೋರಿಸಲು ಅದು ಇರಬೇಕಲ್ಲ. ಶಾಂತವೀರಪ್ಪ ಹೋದ ಮೇಲೆ ಹವಾಲ್ದಾರರು ಬಾವಿಯಿಂದ ಒಂದು ಕೊಡ ನೀರು ಸೇದಿ ಒಳಗೆ ಹೋದರು. ಹಗ್ಗ ಅಂದು ಬಿದ್ದಲ್ಲೇ ಬಿದ್ದಿತ್ತು.

ಸಂಕ್ರಾಂತಿ ಕಳೆದ ವಾರ, ಚುನಾವಣೆಗೆ ಒಂದು ತಿಂಗಳಿರುವಾಗ, ಬಸ್ಸು ಬಂತು. ಬಾಳೆಕಂದು, ಮಾವಿನ ತೋರಣ, ಮುಂದೆ ಒಂದು ಕುರ್ಚಿ. ಕುರ್ಚಿ ಸರಸ್ವತಿಗೆಂದು. ವೀರಯೋಧನ ಮಗಳ ಕೈಯಿಂದಲೇ ತೆಂಗಿನಕಾಯಿ ಒಡೆಸಬೇಕೆಂದು ಶಾಸಕರ ಆಸೆ, ಫೋಟೋದವನೂ ಬಂದಿದ್ದ. ಕರೆ ಬಂದ ಮೇಲೆ ಹೋಗದಿರುವುದು ಹವಾಲ್ದಾರರಿಗೆ ಗೊತ್ತಿರಲಿಲ್ಲ. ಮಗಳನ್ನು ಎತ್ತಿಕೊಂಡು ಬಂದು ನಿಂತರು. ಮುನಿಲಕ್ಷ್ಮಮ್ಮನವರು ಅವರಿಗಿಂತ ಎರಡು ಹೆಜ್ಜೆ ಮುಂದೆ ಬಂದು, ಕುರ್ಚಿಯ ಮೇಲೆ ಹುಡುಗಿಯ ಬದಲು ಚೀಲದಿಂದ ಗಿಡ್ಡ ಪಟ್ಟಿಗಳನ್ನು ತೆಗೆದಿಟ್ಟರು.

“ಮೊದಲ್ನೇ ಹಾಳೆ ಕೊಡಿ ಸ್ವಾಮಿ,” ಎಂದರು. “ಕಾಯಿ ಆಮೇಲೆ ಒಡೀತೀವಿ.”

ಪರಮಶಿವಯ್ಯನವರು ನಕ್ಕರು. ಸುತ್ತ ನಿಂತಿದ್ದ ನಾವು, ಶಾಸಕರು ನಕ್ಕದ್ದರಿಂದ, ನಕ್ಕೆವು. ಯಾರೋ ಪಟ್ಟಿಗಳನ್ನು ಕುರ್ಚಿಯಿಂದ ಎತ್ತಿ ಪಕ್ಕಕ್ಕಿಟ್ಟರು. ಕಾಯಿಯನ್ನು ಡ್ರೈವರೇ ಒಡೆದ. ಫೋಟೋದಲ್ಲಿ ಕುರ್ಚಿ ಖಾಲಿ ಬಂದಿದೆ.

ಹವಾಲ್ದಾರರು ಮತ್ತೆ ಹಾಳೆ ಕೊಂಡು ತಂದರು. ಗೆರೆ ಅವರೇ ಎಳೆದರು, ಮೊದಲಿನಷ್ಟೇ ನೆಟ್ಟಗೆ. ಈ ಸಲ ಪ್ರತಿ ಹಾಳೆಯ ನೆತ್ತಿಯಲ್ಲೂ ಸರಸ್ವತಿ ದುಂಡಗೆ ಬರೆದಳು: ನಿವೃತ್ತ ಸೈನಿಕರ ಅಂಗವಿಕಲ ಮಕ್ಕಳ ಚಿಕಿತ್ಸೆಯ ಬಗ್ಗೆ. ಪಟ್ಟಿಯಿಲ್ಲದೆ ಅವಳು ಸ್ಕೂಲಿಗೆ ಹೋಗುವುದು ನಿಂತಿತ್ತು, ಬರೆಯಲು ಅವಳಿಗೆ ದಿನವಿಡೀ ಇತ್ತು. ಹದಿನೈದು ಹಾಳೆಗಳನ್ನೂ ಮುನಿಲಕ್ಷ್ಮಮ್ಮನವರು ದಬ್ಬಳದಲ್ಲಿ ಒಟ್ಟಿಗೆ ಹೊಲಿದರು, ಹವಾಲ್ದಾರರು ಬೇಡವೆನ್ನಲಿಲ್ಲ. ಅರೆಕೆರೆಯಲ್ಲಿ ಬಾಗಿಲು ತೆರೆಯಲಿಲ್ಲ. ತ್ಯಾಗರಾಜನಗರದಲ್ಲಿ ತೆರೆದು, ಈಗ ರೈಲು ಬೇಕಾ ಎಂದು ಕೇಳಿದರು. ಬೈರಣ್ಣನದೂ ಸೇರಿ ಏಳು ಸಹಿಯಾದವು.

ಕೊನೆಗೆ ಹವಾಲ್ದಾರರು ದಂಡಿನವರೇ ಆಗಬೇಕೆಂಬ ಹಟ ಬಿಟ್ಟು, ಒಂದು ಬೆಳಿಗ್ಗೆ ನಮ್ಮನ್ನೇ ಕೇಳಲು ಬಂದರು. ಬಸ್ಸು ನಿಲ್ಲುತ್ತಿದ್ದದ್ದು ಅವರ ಗೇಟಿನ ಎದುರೇ. ಕಂಡಕ್ಟರುಗಳು ಅದನ್ನು ಹವಾಲ್ದಾರ್ ಸ್ಟಾಪ್ ಎಂದೇ ಕೂಗುತ್ತಿದ್ದರು. ನಾವು ಎಂಟ್ಹತ್ತು ಜನ ಊಟದ ಡಬ್ಬಿ, ಕೊಡೆ ಹಿಡಿದು ಸಾಲಾಗಿ ನಿಂತಿದ್ದೆವು. ಅವರು ಹೊಲಿದ ಹಾಳೆಗಳನ್ನು ಚಾಚಿ, ಪೆನ್ನಿನ ಕ್ಯಾಪು ತೆಗೆದು, ಸಾಲಿನ ಮೊದಲಲ್ಲಿದ್ದ ನನ್ನ ಮುಂದೆ ಹಿಡಿದರು. ಜಗಲಿಯ ಮೇಲೆ ಹುಡುಗಿ ಕಾಲಿನ ಮೇಲೆ ಲಂಗ ಎಳೆದುಕೊಂಡು ನೋಡುತ್ತಿದ್ದಳು. ನಾನು ಜೇಬಿನಲ್ಲಿ ಕನ್ನಡಕ ಹುಡುಕಿದೆ. ಕನ್ನಡಕ ಮೂಗಿನ ಮೇಲೇ ಇತ್ತು.

ಅಷ್ಟರಲ್ಲಿ ಬಸ್ಸು ಬಂತು. ಸಂಜೆ ಬಂದು ಮಾಡ್ತೀನಿ ಹವಾಲ್ದಾರ್ರೇ ಎಂದು ಹತ್ತಿಕೊಂಡೆ. ನನ್ನ ಹಿಂದೆ ಎಲ್ಲರೂ ಹತ್ತಿದರು.